ಅತ್ತಿಯ ಕನ್ನಡ ಹೋದ ಮಳೆಗಾಲ

ಹೋದ ವರ್ಷ ಮಳೆಗಾಲದಲ್ಲಿ ಖಾನಾಪುರದ ಬಳಗದವರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ ಇತ್ತು. ಊಟ ಮುಗಿಸಿ ಬಾಣಂತಿಯನ್ನು ಮಾತಾಡಿಸಲು ಒಳಕೋಣೆಗೆ ಹೋದೆ. ಹೊರಗೆ ಮಳೆ ಹಿಡಿದದ್ದು ಬಿಟ್ಟಿರಲಿಲ್ಲ. ಕೋಣೆಯ ಮೂಲೆಯಲ್ಲಿ ಇದ್ದಿಲಿನ ಶೇಗಡಿ ಇಟ್ಟು, ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ತುಂಬ ಕೂಸಿನ ಅರಿವೆಗಳನ್ನು ಹರವಿದ್ದರು. ಒದ್ದೆ ಹತ್ತಿಬಟ್ಟೆ, ಸಾಬೂನು, ಹೊಗೆ, ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಬಾಗಿಲಲ್ಲಿ ನಿಂತುಬಿಟ್ಟೆ.

“ಈಗೂ ಹಿಂಗ ಒಣಗಸ್ತೀರೇನ?” ಎಂದು ಬಾಣಂತಿಯ ತಾಯಿಯನ್ನು ಕೇಳಿದೆ.

“ಏನ್ ಮಾಡೂದ್ರಿ ಬಾಯಾರ, ಇಲ್ಲಿ ಮಳಿ ಹತ್ತಿತಂದ್ರ ಕರೆಂಟ್ ನೆಚ್ಚಿಕೊಂಡು ಕುಂಡ್ರಾಕ ಆಗೂದಿಲ್ಲ,” ಎಂದರು ಅವರು. “ಬರ್ರಿ ಒಳಗ, ಕುಂದರ್ರಿ.”

ಕುಳಿತೆ. ಅವರು ಕೂಸಿನ ನಿದ್ದೆಯ ಬಗ್ಗೆ, ಅಳುವಿನ ಬಗ್ಗೆ ಹೇಳುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ಮನಸ್ಸು ಅಲ್ಲಿರಲಿಲ್ಲ. ಎಂಬತ್ತರ ದಶಕದ ಆರಂಭದ ಒಂದು ಮಳೆಗಾಲಕ್ಕೆ, ಬೆಳಗಾವಿಯ ಖಾಸಬಾಗದ ನಮ್ಮ ನಡುಮನೆಗೆ ಅದು ಹೋಗಿ ಕುಳಿತಿತ್ತು.

ಆಗ ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ತವರು ಗದಗ. ನಮ್ಮವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದರು. ಮಗಳು ಉಮಾ ಇನ್ನೂ ಸಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಮಾವನವರು ನಾನು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು, ಮನೆಯೆಲ್ಲ ಅತ್ತಿಯ ಕೈಯಲ್ಲಿತ್ತು. ಅವರ ಹೆಸರು ಗಂಗವ್ವ. ನಮ್ಮಲ್ಲಿ ಅತ್ತೆಯನ್ನು ಅತ್ತಿ ಎಂದೇ ಕರೆಯುವುದು. ಇಲ್ಲಿಯೂ ಹಾಗೇ ಬರೆಯುತ್ತೇನೆ, ಬೇರೆ ಬರೆದರೆ ಬೇರೆ ಯಾರೋ ಅನಿಸುತ್ತದೆ.

ಧಾರವಾಡದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿ ಕೆಲವು ವರ್ಷಗಳಾಗಿದ್ದವು. ಬೆಳಗಾವಿ ಸೀಮೆಯ ಹೆಣ್ಣುಮಕ್ಕಳು ಮನೆಯೊಳಗೆ ಆಡುವ ಕನ್ನಡ, ಅದರೊಳಗೆ ಮರಾಠಿ ಬೆರೆತುಕೊಂಡ ಬಗೆ, ಇದು ನನ್ನ ವಿಷಯ. ಲಗ್ನ, ಉಮಾಳ ಬಾಣಂತನ, ಕಾಲೇಜಿನ ಕೆಲಸ ಎಂದು ಮುಂದೆ ಮುಂದೆ ಹಾಕಿಸಿಕೊಂಡೇ ಬಂದಿದ್ದೆ. ಇನ್ನು ಈ ವರ್ಷದ ಕೊನೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದಾಗುತ್ತದೆ ಎಂದು ವಿಶ್ವವಿದ್ಯಾಲಯದವರು ತಿಳಿಸಿದ್ದರು. ಕಾಲೇಜಿಗೆ ಪಗಾರವಿಲ್ಲದ ರಜೆ ಹಾಕಿ, ಮೊದಲ ಮಳೆಯ ಜೊತೆಗೇ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಬರೆಯಲು ಕುಳಿತೆ.

ಆ ದಿನಗಳ ಸುಖವನ್ನು ನಾನು ಆಗ ಸುಖ ಎಂದು ಎಣಿಸಿರಲೇ ಇಲ್ಲ. ಬೆಳಿಗ್ಗೆ ನಾನು ಏಳುವುದರೊಳಗೆ ಹಂಡೆಯಲ್ಲಿ ನೀರು ಕಾದಿರುತ್ತಿತ್ತು. ಅತ್ತಿ ತಮ್ಮ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಉಮಾಳನ್ನು ಎಬ್ಬಿಸಿ ತಲೆ ಬಾಚಿ ಹಿತ್ತಲಿಗೆ ಕರೆದುಕೊಂಡು ಹೋಗುತ್ತಿದ್ದರು. ನಾನು ಹಾಳೆಗಳ ನಡುವೆ ಕುಳಿತಿರುವಾಗ ಚಹಾದ ಕಪ್ಪು ಬಂದು ಪಕ್ಕದಲ್ಲಿ ಕೂಡುತ್ತಿತ್ತು, ಅದರ ಮೇಲೆ ಬಶಿ ಮುಚ್ಚಿರುತ್ತಿತ್ತು. ಮಧ್ಯಾಹ್ನ ಅಡುಗೆಮನೆಯಿಂದ “ಸುನಂದಾ, ಬಾ” ಎಂಬ ಕೂಗು ಬಂದರೆ ಎದ್ದು ಹೋಗಲೇಬೇಕು. ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬೀಳುತ್ತಿತ್ತು. ಕೈಯಲ್ಲಿ ಹಾಳೆ ಹಿಡಿದುಕೊಂಡು ಹೋದರೆ ಅತ್ತಿ ಅದನ್ನು ಇಸಿದುಕೊಂಡು ಹಿಟ್ಟಿನ ಡಬ್ಬಿಯ ಮೇಲೆ ಇಡುತ್ತಿದ್ದರು.

“ಉಣ್ಣೂ ಹೊತ್ತಿನ್ಯಾಗ ಅದೇನ ಓದೂದು? ಅಕ್ಷರಕ್ಕೇನ ಹಸಿವಿ ಆಗಿರ್ತೈತಿ?”

ನನ್ನ ಸಂಶೋಧನೆಗೆ ಮೊದಲ ವಕ್ತೃ ಅವರೇ. ಸಂಜೆ ರೊಟ್ಟಿಯ ಕೆಲಸವಿಲ್ಲದಾಗ ಕಾಲೇಜಿನಿಂದ ತಂದ ಟೇಪ್ ರೆಕಾರ್ಡರನ್ನು ಅವರ ಮುಂದೆ ಇಟ್ಟರೆ ಮೊದಲು ಸೆರಗು ಸರಿಮಾಡಿಕೊಳ್ಳುತ್ತಿದ್ದರು. “ನಾಕ ಮಂದಿ ಕೇಳ್ತಾರಂದ್ರ ನೆಟ್ಟಗಿರಬೇಕಲಾ,” ಎನ್ನುತ್ತಿದ್ದರು. ಟೇಪಿನಲ್ಲಿ ಸೆರಗು ಕಾಣುವುದಿಲ್ಲ ಎಂದರೆ “ಮಾತಿನ್ಯಾಗ ಗೊತ್ತಾಕ್ಕೈತಿ ತಗೋ,” ಎಂಬ ಉತ್ತರ. ಆಮೇಲೆ ಕೇಳಿದ್ದಕ್ಕೂ ಕೇಳದ್ದಕ್ಕೂ ಮಾತು ಹರಿಯುತ್ತಿತ್ತು. ಒಮ್ಮೆ ಮಧ್ಯದಲ್ಲೇ ನಿಲ್ಲಿಸಿ ಕೇಳಿದರು:

“ಖರೇ ಹೇಳು, ನಾ ಮಾತಾಡಿದ್ದನ್ನ ನೀ ಬರಕೊಂಡ್ರ ನಿನ್ನ ಡಾಕ್ಟರ್ ಮಾಡ್ತಾರ?”

“ಮಾಡ್ತಾರ್ರಿ ಅತ್ತಿ.”

“ಹಂಗಾದ್ರ ನನ್ನ ಏನ್ ಮಾಡ್ತಾರ?”

ಇಬ್ಬರೂ ನಕ್ಕೆವು. ಆ ನಗುವೂ ಟೇಪಿನಲ್ಲಿ ಇದೆ.

ಅತ್ತಿಯ ತವರು ಖಾನಾಪುರ. ಅದು ಮರಾಠಿ ಮಾತಾಡುವ ಲಿಂಗಾಯತರ ಮನೆ. ಆ ಕಡೆ ಇಂಥ ಮನೆಗಳು ಬಹಳ. ಇನ್ನೂ ಎಳೆಯ ವಯಸ್ಸಿನಲ್ಲಿ ಲಗ್ನವಾಗಿ ಖಾಸಬಾಗದ ಕನ್ನಡ ಮನೆಗೆ ಬಂದಾಗ ಅವರಿಗೆ ಬಾ, ಹೋಗು ಬಿಟ್ಟರೆ ಕನ್ನಡ ಬರುತ್ತಿರಲಿಲ್ಲವಂತೆ. ಅವರ ಅತ್ತೆಗೆ ಮರಾಠಿ ಬಂದರೂ ಮನೆಯೊಳಗೆ ಆಡಗೊಡುತ್ತಿರಲಿಲ್ಲ. “ಉಪ್ಪು ತಾ ಅಂದ್ರ ನಾ ಉಳ್ಳಾಗಡ್ಡಿ ಒಯ್ಯತಿದ್ದೆ,” ಎಂದು ಹೇಳುತ್ತಿದ್ದರು. “ನಾ ಕನ್ನಡಾ ಸಾಲ್ಯಾಗ ಕಲತಾಕಿ ಅಲ್ಲ, ಬೈಸಿಕೊಂಡು ಕಲತಾಕಿ. ಅದಕ್ಕ ಇಷ್ಟ ಗಟ್ಟಿ ಐತಿ.”

ಜೂನ್ ತಿಂಗಳಲ್ಲಿ ಅವರನ್ನು ಕರೆದುಕೊಂಡು ಖಾನಾಪುರಕ್ಕೆ ಹೋದೆ. ಅಲ್ಲಿಯ ಹೆಣ್ಣುಮಕ್ಕಳ ಮಾತು ನನಗೆ ಬೇಕಾಗಿತ್ತು, ಅತ್ತಿ ಜೊತೆಗಿದ್ದರೆ ಯಾವ ಮನೆಯ ಬಾಗಿಲೂ ತೆರೆಯುತ್ತಿತ್ತು. ತವರಿನಲ್ಲಿ ಅವರ ತಮ್ಮ ಶಂಕರ ಮಾಮಾ, ಮಾಮಾನ ಹೆಂಡತಿ ಸುಶೀಲಾ ಮಾಮಿ ಇದ್ದರು. ಹೊಸ್ತಿಲು ದಾಟಿದ್ದೇ ಅತ್ತಿ ಮರಾಠಿಗೆ ಹೊರಳಿದರು. ಅವರ ದನಿಯೇ ಬೇರೆ ಆಯಿತು, ಸ್ವಲ್ಪ ಎತ್ತರದ್ದು, ಚುರುಕಾದದ್ದು. ನಗುವುದೂ ಬೇರೆ ಥರ. ನನಗೆ ಪುಸ್ತಕದ ಮರಾಠಿ ಓದಿದರೆ ತಿಳಿಯುತ್ತಿತ್ತು. ಖಾನಾಪುರದ ಆಡುಮಾತು ಕಿವಿಗೆ ಬಿದ್ದು ಓಡಿಹೋಗುತ್ತಿತ್ತು. ಅತ್ತಿ, ಮಾಮಿ ಇಬ್ಬರೂ ನನ್ನ ಕಡೆ ನೋಡಿ ಏನೋ ಹೇಳಿಕೊಂಡು ನಕ್ಕಾಗ, ಏನಂದಿರಿ ಎಂದು ಕೇಳಿದೆ.

“ನಿನಗ ತಿಳಿಯೂದಿಲ್ಲಲಾ, ಅದಕ್ಕ ನಿನ್ನ ಮ್ಯಾಲೇ ಮಾತಾಡಾಕತ್ತೇವಿ,” ಎಂದರು ಅತ್ತಿ.

ಎರಡು ಕ್ಯಾಸೆಟ್ ತುಂಬ ಮಾತು ಹಿಡಿದುಕೊಂಡು ಬಂದೆವು. ತಿರುಗಿ ಬರುವಾಗ ರೈಲಿನ ಕಿಟಕಿಯಿಂದ ಎರಚಲು ಹೊಡೆಯುತ್ತಿತ್ತು, ಅತ್ತಿ ನನ್ನ ಚೀಲವನ್ನು ತಮ್ಮ ಸೆರಗಿನೊಳಗೆ ಇಟ್ಟುಕೊಂಡು ಕುಳಿತಿದ್ದರು.

ಆಷಾಢ ಹತ್ತಿದ ಮೇಲೆ ಬೆಳಗಾವಿಯಲ್ಲಿ ಬಿಸಿಲು ಕಾಣುವುದಿಲ್ಲ. ಅಂಥ ಒಂದು ಬೆಳಿಗ್ಗೆ ನಾನು ಖಾನಾಪುರದ ಟೇಪನ್ನು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದೆ. ಉಮಾ ಅಡುಗೆಮನೆಯಿಂದ ಬಂದು ನನ್ನ ಭುಜ ಅಲುಗಿಸಿದಳು.

“ಅವ್ವಾ, ಆಯಿ ಹಿಟ್ಟಿನ್ಯಾಗ ಮಲಕೊಂಡಾಳ.”

ಅವಳು ಅಜ್ಜಿಯನ್ನು ಆಯಿ ಎನ್ನುತ್ತಿದ್ದಳು. ನಾನು ಕೂಸಿನ ಮಾತು ಎಂದುಕೊಂಡು “ಏಳಂತ ಹೇಳು” ಎಂದೆ. “ಏಳವಲ್ಲಳು” ಎಂದಳು. ಆಗ ಎದ್ದೆ. ಅತ್ತಿ ಒಲೆಯ ಮುಂದೆ ಬಲಕ್ಕೆ ವಾಲಿ ಬಿದ್ದಿದ್ದರು. ಹಿಟ್ಟಿನ ಪರಾತ ಮಗುಚಿತ್ತು, ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು. ಕಣ್ಣು ತೆರೆದೇ ಇದ್ದವು. ನನ್ನನ್ನು ನೋಡಿದರು. ಬಾಯಿ ಒಂದು ಬದಿಗೆ ಎಳೆದು ಏನೋ ಅನ್ನಲು ಹೋದರು, ಅದು ಮಾತಾಗಲಿಲ್ಲ.

ಪಕ್ಕದ ಮನೆಯವರು ಆಟೋ ತಂದರು. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಲಕ್ವಾ ಹೊಡೆದಿದೆ, ಬಲಗೈ ಬಲಗಾಲು ಬಿದ್ದಿವೆ, ಜೀವಕ್ಕೆ ಅಪಾಯ ಕಾಣುವುದಿಲ್ಲ, ಮಾತು ಬರುತ್ತದೋ ಇಲ್ಲವೋ ಕಾದು ನೋಡಬೇಕು ಎಂದರು. ನಮ್ಮವರು ಪಾಳಿಯಿಂದ ನೇರ ಬಂದು ತಾಯಿಯ ಮಂಚದ ಪಕ್ಕ ನಿಂತು “ಅವ್ವಾ, ಅವ್ವಾ” ಎನ್ನುತ್ತಿದ್ದರು. ಅತ್ತಿ ಅವರ ಮುಖ ನೋಡುತ್ತಿದ್ದರೇ ವಿನಾ ಒಂದು ಹುಂಕಾರವೂ ಇರಲಿಲ್ಲ. ಹಾಗೆ ಒಂದು ವಾರದ ಮೇಲೆ ಕಳೆಯಿತು. ಒಂದು ಬೆಳಿಗ್ಗೆ ನರ್ಸು ಹಾಸಿಗೆ ಸರಿಮಾಡುವಾಗ ಅತ್ತಿ ತೊದಲಿದರೂ ತಿಳಿಯುವ ಹಾಗೆ ಒಂದು ಶಬ್ದ ಅಂದರು.

“ಪಾಣೀ.”

ನಾನು ಓಡಿ ನೀರು ತಂದು ಕುಡಿಸಿದೆ. ಮಾತು ಬಂತು ಎಂದು ಎಲ್ಲರಿಗೂ ಹೇಳಿದೆ. ನಮ್ಮವರು ವಾರ್ಡಿನ ಮಂದಿಗೆಲ್ಲ ಪೇಡೆ ಹಂಚಿದರು. ಅದು ಮರಾಠಿ ಶಬ್ದ ಎಂಬುದು ಯಾರ ತಲೆಗೂ ಹೋಗಲಿಲ್ಲ. ಬೆಳಗಾವಿಯಲ್ಲಿ ಪಾಣಿ ಎಂದರೂ ನೀರು ಎಂದರೂ ನೀರೇ ಬರುತ್ತದೆ. ಆಮೇಲೆ ದಿನ ಹೋದ ಹಾಗೆ ಶಬ್ದಗಳು ಒಂದೊಂದಾಗಿ ಬಂದವು, ಎರಡು ಮೂರು ಕೂಡಿ ಬಂದವು. ಬಂದವೆಲ್ಲ ಮರಾಠಿ. ನಾನು “ಅತ್ತಿ, ಗಂಜಿ ಕುಡೀತೀರೇನ್ರಿ?” ಎಂದರೆ ನನ್ನ ತುಟಿಗಳನ್ನೇ ನೋಡುತ್ತಿದ್ದರು. ಗುರುತಿಲ್ಲದ ಊರಿನ ಸ್ಟೇಶನ್ನಿನಲ್ಲಿ ಯಾರೋ ದಾರಿ ಕೇಳಿದಾಗ ನೋಡುವ ಹಾಗೆ.

ನಾನು ಡಾಕ್ಟರರನ್ನು ಕೇಳಿದೆ. ಎರಡು ಭಾಷೆ ಬಲ್ಲವರಿಗೆ ಹೀಗಾದಾಗ ಕೆಲವೊಮ್ಮೆ ಒಂದೇ ತಿರುಗಿ ಬರುತ್ತದೆ, ಮೊದಲು ಕಲಿತದ್ದೇ ಬರಬೇಕೆಂದೂ ಇಲ್ಲ, ಇವರಿಗೆ ಅದು ಬಂದಿದೆ ಎಂದರು. ಇನ್ನೊಂದು ಬರಬಹುದೇ ಎಂದೆ. “ಬಂದ್ರೂ ಬರಬಹುದ್ರಿ,” ಎಂದು ಮುಂದಿನ ಮಂಚಕ್ಕೆ ಹೋದರು. ಈ ವಿಷಯವನ್ನು ನಾನು ಪುಸ್ತಕಗಳಲ್ಲಿ ಓದಿದ್ದೆ, ಅದರ ಇಂಗ್ಲಿಷ್ ಹೆಸರೂ ಗೊತ್ತಿತ್ತು. ಗೊತ್ತಿದ್ದು ಏನು ಮಾಡುವುದು? ಗಂಜಿ ಬೇಕೋ ಬೇಡವೋ ಎಂದು ಕೇಳಲು ಅದರಿಂದ ಬರುತ್ತಿರಲಿಲ್ಲ.

ಮನೆಗೆ ಕರೆತಂದೆವು. ಅಲ್ಲಿಂದ ಮುಂದಿನ ಎರಡು ತಿಂಗಳನ್ನು ನೆನೆದರೆ ಒದ್ದೆ ಅರಿವೆಗಳೇ ಕಣ್ಣ ಮುಂದೆ ಬರುತ್ತವೆ. ಹಾಸಿಗೆಯಲ್ಲೇ ಎಲ್ಲ ಆಗಬೇಕು, ದಿನಕ್ಕೆ ನಾಲ್ಕೈದು ಸಲ ಸೀರೆ, ಹಚ್ಚಡ ಬದಲಿಸಬೇಕು. ಹೊರಗೆ ಹಾಕಿದ ಬಟ್ಟೆ ಒಣಗುವ ಮಾತೇ ಇಲ್ಲ. ಶೇಗಡಿಗೆ ಇದ್ದಿಲು ಹಾಕಿ ಬುಟ್ಟಿಯ ಮೇಲೆ ಹರವಿ, ಒಂದು ಮಗ್ಗಲು ಬಿಸಿಯಾದರೆ ಇನ್ನೊಂದಕ್ಕೆ ತಿರುವಿ ಕೂಡುವುದು. ಅದೇ ನಡುಮನೆ, ಅದೇ ಚಾಪೆ. ಹಾಳೆಗಳನ್ನು ಮಡಿಚಿ ಅಟ್ಟಕ್ಕೆ ಹಾಕಿದ್ದೆ. ಹಂಡೆಗೆ ಉರಿ ಹಾಕುವುದನ್ನು ಮರೆತು ತಣ್ಣೀರು ಮೈಮೇಲೆ ಸುರಿದುಕೊಳ್ಳುತ್ತಿದ್ದೆ. ಚಹಾ ಮಾಡಿಕೊಂಡರೆ ಕುಡಿಯುವುದರೊಳಗೆ ಆರುತ್ತಿತ್ತು. ನನ್ನ ರೊಟ್ಟಿ ದಪ್ಪ, ಅಂಚು ಒಡೆದದ್ದು. ಉಮಾ ಅದನ್ನು ತಾಟಿನ ಬದಿಗೆ ಸರಿಸಿ “ಆಯಿ ರೊಟ್ಟಿ ಬೇಕು” ಎಂದು ಕೂಡುತ್ತಿದ್ದಳು. ಇಷ್ಟು ವರ್ಷ ನಾನು ಸಂಶೋಧನೆಯನ್ನೂ ಮನೆಯನ್ನೂ ಎರಡು ಕೈಯಲ್ಲಿ ಹಿಡಿದು ನಡೆಸಿದ್ದೇನೆ ಎಂದು ಗೆಳತಿಯರ ಮುಂದೆ ಹೇಳಿಕೊಂಡಿದ್ದೆ. ಆ ಎರಡು ಕೈ ಅತ್ತಿಯವಾಗಿದ್ದವು.

ಮೈ ಒರೆಸುವಾಗ ಅತ್ತಿ ನನ್ನನ್ನು “ವಹಿನೀ” ಎಂದು ಕರೆಯತೊಡಗಿದರು. ವಹಿನಿ ಎಂದರೆ ಅಣ್ಣನ ಹೆಂಡತಿ. ತವರಿನಲ್ಲಿ ಅವರಿಗೆ ಒಬ್ಬ ಅಣ್ಣ ಇದ್ದು ತೀರಿಕೊಂಡಿದ್ದ, ಅವನ ಹೆಂಡತಿ ಇವರನ್ನು ಸಣ್ಣವರಿದ್ದಾಗ ಜಳಕ ಮಾಡಿಸುತ್ತಿದ್ದಳಂತೆ. ನಾನು ಸುನಂದಾ ಎಂದು ಎದೆಗೆ ಕೈ ಮುಟ್ಟಿ ಹೇಳಿದೆ. ತಲೆ ಅಲ್ಲಾಡಿಸಿದರು. ಮತ್ತೆ ವಹಿನೀ ಎಂದರು.

ನಮ್ಮವರ ಪಾಡು ಇನ್ನೂ ಕಠಿಣ. ಬೆಳಗಾವಿಯಲ್ಲಿ ಹುಟ್ಟಿ ಬೆಳೆದವರು, ಮರಾಠಿ ಚೆನ್ನಾಗಿ ಬರುತ್ತಿತ್ತು. ಆದರೆ ತಾಯಿಯ ಹಾಸಿಗೆಯ ಹತ್ತಿರ ಹೋಗಿ ಕನ್ನಡದಲ್ಲೇ ಶುರುಮಾಡಿ, ತಡವರಿಸಿ, ಎದ್ದು ಬರುತ್ತಿದ್ದರು.

“ಮರಾಠಿ ಆಡ್ರಿ,” ಎಂದೆ ಒಮ್ಮೆ. “ನಿಮಗ ಬರ್ತೈತಲಾ.”

“ಬರ್ತೈತಿ. ಆಫೀಸಿನ್ಯಾಗ ದಿನಾ ಆಡ್ತೀನಿ,” ಎಂದರು. “ಅವ್ವನ ಮುಂದ ಆಡಾಕ ಹೋದ್ರ ಕೌಂಟರಿಗೆ ಬಂದವರ ಕೂಡ ಮಾತಾಡಿಧಂಗ ಆಕ್ಕೈತಿ, ಸುನಂದಾ. ಅವ್ವಗ ಮರಾಠ್ಯಾಗ ಆಯಿ ಅನ್ನಾಕ ನಾಲಗಿ ಏಳವಲ್ದು.”

ಒಂದು ಮಾತ್ರ ಉಳಿದಿತ್ತು. ಪೂಜೆಯ ಹೊತ್ತಿಗೆ ಅತ್ತಿ ದಿನಾ ಒಂದು ವಚನ ಹೇಳುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ನಮ್ಮವರು ಅವರ ಎಡಗೈಯಲ್ಲಿ ಲಿಂಗ ಇಟ್ಟು, ತಾವೇ ನೀರು ಹಾಕಿ, ವಿಭೂತಿ ಹಚ್ಚುತ್ತಿದ್ದರು. ಹಾಗೆ ಮಾಡುವಾಗ ರೂಢಿಯಂತೆ ಆ ವಚನದ ಮೊದಲ ಶಬ್ದ ನಮ್ಮವರ ಬಾಯಿಂದ ಬಂತು. ಹಾಸಿಗೆಯಿಂದ ಎರಡನೆಯ ಶಬ್ದ ಬಂತು. ಮೂರನೆಯದೂ ಬಂತು. ತಡೆಯಿಲ್ಲದೆ, ತೊದಲಿಲ್ಲದೆ, ಕೊನೆಯ ಅಂಕಿತದವರೆಗೆ ಅತ್ತಿ ಒಂದೇ ಉಸಿರಿನಲ್ಲಿ ಕನ್ನಡ ಹೇಳಿದರು. ನಾನು ಅಡುಗೆಮನೆಯಿಂದ ಓಡಿ ಬಂದೆ. ನಮ್ಮವರು ತಂಬಿಗೆ ಎತ್ತಿ ಹಿಡಿದರು. “ಅವ್ವಾ, ನೀರು ಬೇಕೇನ?” ಎಂದರು ಆಸೆಯಿಂದ. ಅತ್ತಿ ಅವರ ತುಟಿಗಳನ್ನು ನೋಡಿದರು. ವಚನದಲ್ಲೇ ಇದ್ದ ಒಂದೊಂದು ಶಬ್ದವನ್ನು ಬಿಡಿಸಿ ಕೇಳಿದರೂ ಅವರಿಗೆ ಅದು ಏನೆಂದು ತಿಳಿಯಲಿಲ್ಲ.

ಅಂದಿನಿಂದ ನಮ್ಮವರು ಪೂಜೆ ಇಲ್ಲದ ಹೊತ್ತಿನಲ್ಲೂ ಅದರ ಮೊದಲ ಶಬ್ದ ಹೇಳಿ ಸುಮ್ಮನೆ ಕೂಡುತ್ತಿದ್ದರು. ಟೇಪಿನಿಂದಲ್ಲದೆ ತಾಯಿಯ ಬಾಯಿಂದಲೇ ಕನ್ನಡ ಕೇಳಲು ಅವರಿಗೆ ಇನ್ನೊಂದು ದಾರಿ ಇರಲಿಲ್ಲ.

ಊರಿನ ಮಂದಿ ನೋಡಲು ಬರುತ್ತಿದ್ದರು. ಗೋಡೆಗಳ ಮೇಲೆ ಎರಡೂ ಭಾಷೆಯ ಘೋಷಣೆ ಇದ್ದ ಕಾಲ ಅದು. ಬಾಜೂ ಓಣಿಯ ಮರಾಠಿ ಮನೆಯವರೊಬ್ಬರು ಅತ್ತಿಯ ಮಾತು ಕೇಳಿ, ಕೊನೆಗೆ ನಮ್ಮ ಭಾಷೆಯೇ ಬಂತು ನೋಡಿ ಎಂದು ಖುಷಿಪಟ್ಟು ಹೋದರು. ನಮ್ಮ ಕಾಲೇಜಿನ ಒಬ್ಬರು ಹೊರಡುವಾಗ ಬಾಗಿಲ ಹತ್ತಿರ ನಿಂತು “ಇದನ್ನ ಭಾಳ ಮಂದಿ ಮುಂದ ಹೇಳಾಕ ಹೋಗಬ್ಯಾಡ್ರಿ ಮೇಡಂ,” ಎಂದು ಮೆಲ್ಲಗೆ ಹೇಳಿದರು. ಇಬ್ಬರಿಗೂ ಚಹಾ ಕೊಟ್ಟು ಕಳಿಸಿದೆ. ಸಿಟ್ಟು ಮಾಡಲು ನನ್ನಲ್ಲಿ ತ್ರಾಣವಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಧಾರವಾಡಕ್ಕೆ ಹೋದೆ. ನನ್ನ ಮಾರ್ಗದರ್ಶಕರು ಒಳ್ಳೆಯ ಮನುಷ್ಯ, ತಂದೆಯ ವಯಸ್ಸಿನವರು. ಇನ್ನಷ್ಟು ಅವಧಿ ಕೇಳಿ ಒಂದು ಅರ್ಜಿ ಬರೆದುಕೊಂಡು ಹೋಗಿದ್ದೆ. ಅವರು ಅತ್ತಿಯ ಆರೋಗ್ಯ ವಿಚಾರಿಸಿದರು. ನಾನು ಎಲ್ಲ ಹೇಳಿದೆ, ವಚನದ ಸಂಗತಿಯನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವರು ಕುರ್ಚಿಯಲ್ಲಿ ಮುಂದೆ ಸರಿದು ಕುಳಿತರು.

“ಸುನಂದಾಬಾಯಿ, ತಪ್ಪು ತಿಳ್ಕೋಬ್ಯಾಡ್ರಿ,” ಎಂದರು. “ಪೆಟ್ಟು ಬೀಳೂಕಿಂತ ಮೊದಲಿನ ಮಾತು ನಿಮ್ಮ ಹತ್ರ ಟೇಪಿನೊಳಗ ಅದ. ಈಗಿಂದೂ ಹಿಡದ್ರ ಅಂಥಾದ್ದು ನಮ್ಮ ದೇಶದಾಗ ಯಾರ ಹತ್ರನೂ ಇರೂದಿಲ್ಲ. ಒಂದು ಅಧ್ಯಾಯ ಬರೀರಿ. ಅದನ್ನ ತೋರಿಸಿ ನಾ ನಿಮಗ ಅವಧಿ ಕೊಡಸ್ತೀನಿ. ಬರೇ ಮನಿ ಅಡಚಣಿ ಅಂದ್ರ ಅವರು ಕೇಳೂದಿಲ್ಲ.”

ಬಸ್ಸಿನಲ್ಲಿ ತಿರುಗಿ ಬರುವಾಗ ಹೊರಗೆ ಬೆಳೆ ಹಸಿರಾಗಿ ನಿಂತಿತ್ತು. ಸರ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಎದ್ದು ಹೋಗಿ ತಾಯಿಯ ಹಚ್ಚಡ ಸರಿಮಾಡಿ ಬಂದರು.

“ಮಾಡು,” ಎಂದರು ಆಮೇಲೆ. “ಅವ್ವ ನೆಟ್ಟಗಿದ್ದಿದ್ರ ಆಕೀನೂ ಮಾಡು ಅಂತಿದ್ಲು. ನಿನ್ನ ಓದಿನ ಮ್ಯಾಲೆ ಆಕೀಗೆ ಭಾಳ ಜೀವ.”

ಮರುದಿನ ಮಧ್ಯಾಹ್ನ ಟೇಪ್ ರೆಕಾರ್ಡರನ್ನು ಅಟ್ಟದಿಂದ ಇಳಿಸಿ ಒರೆಸಿ, ಅತ್ತಿಯ ಹಾಸಿಗೆಯ ಮುಂದೆ ಮಣೆಯ ಮೇಲೆ ಇಟ್ಟೆ. ದಿಂಬು ಕೊಟ್ಟು ಅವರನ್ನು ಎತ್ತಿ ಕೂರಿಸಿದೆವು. ಗುಂಡಿ ಒತ್ತಿದಾಗ ಆದ ಸಪ್ಪಳಕ್ಕೆ ಅತ್ತಿ ತಿರುಗಿ ನೋಡಿದರು. ಅದನ್ನು ಗುರುತಿಸಿದರು. ನನ್ನನ್ನು ಗುರುತಿಸದವರು ಅದನ್ನು ಗುರುತಿಸಿದರು. ಎಡಗೈ ಎತ್ತಿ, ತಡಕಾಡಿ, ಸೆರಗನ್ನು ಎಳೆದು ತಲೆಯ ಮೇಲೆ ಸರಿಮಾಡಿಕೊಂಡರು. ಬೆನ್ನು ನೆಟ್ಟಗೆ ಮಾಡಿದರು. ಬಾಯಿ ತೆರೆದರು.

ಆ ಪೆಟ್ಟಿಗೆಯ ಮುಂದೆ ಯಾವ ಮಾತು ಆಡಬೇಕು ಎಂಬುದು ಅವರಿಗೆ ಎಲ್ಲೋ ಒಳಗೆ ನೆನಪಿತ್ತು. ಮರಾಠಿ ಅಲ್ಲ, ಇನ್ನೊಂದು. ಅದಕ್ಕಾಗಿ ಹುಡುಕುತ್ತಿದ್ದರು. ತುಟಿ ಕೂಡಿಸಿದರು, ಬಿಚ್ಚಿದರು. “ಬ... ಬ...” ಎಂದರು. ಹಣೆಯಲ್ಲಿ ಬೆವರು ಬಂತು. ನನ್ನ ಕಡೆ ನೋಡಿದರು, ಮಗನ ಕಡೆ ನೋಡಿದರು, ನಾವೇನಾದರೂ ಎತ್ತಿಕೊಡುತ್ತೇವೆಯೋ ಎಂಬಂತೆ. ಕಣ್ಣಿನಿಂದ ನೀರು ಇಳಿಯಿತು, ಆದರೂ ಬಿಡಲಿಲ್ಲ. ಇನ್ನೂ ಒಮ್ಮೆ, ಇನ್ನೂ ಒಮ್ಮೆ ಬಾಯಿ ತೆರೆದರು. ಕೊನೆಗೆ ಎಡಗೈಯಿಂದ ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು.

ನಮ್ಮವರು ಆ ಕೈ ಹಿಡಿದುಕೊಂಡರು. ನಾನು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದೆ. ಅಂದಿನ ಆ ಕ್ಯಾಸೆಟ್ ತೆಗೆದು ಅದರ ರೀಲನ್ನು ಹೊರಗೆಳೆದು ಶೇಗಡಿಗೆ ಹಾಕಿದೆ. ಟೇಪ್ ರೆಕಾರ್ಡರನ್ನು ಮರುದಿನವೇ ಕಾಲೇಜಿಗೆ ಕೊಟ್ಟು ಬಂದೆ. ಸರ್‌ಗೆ ಒಂದು ಕಾರ್ಡು ಹಾಕಿದೆ, ಆಗುವುದಿಲ್ಲ ಎಂದು. ಯಾಕೆ ಎಂದು ಬರೆಯಲಿಲ್ಲ. ಅವರೂ ಕೇಳಲಿಲ್ಲ.

ಭಾದ್ರಪದದಲ್ಲಿ ಮಳೆ ಸ್ವಲ್ಪ ಹಿಂದೆ ಸರಿಯಿತು. ಅತ್ತಿಯ ಕಾಲಿಗೆ ತುಸು ಬಲ ಬಂತು, ಗೋಡೆ ಹಿಡಿದು ನಿಲ್ಲುತ್ತಿದ್ದರು. ಮಾತೂ ಜೋಡುಜೋಡಾಗಿ ಬರುತ್ತಿತ್ತು. ಹಾಗೆ ಬಂದ ಮಾತುಗಳಲ್ಲಿ ಒಂದು ಮಾತು ದಿನವೂ ಕೇಳಿಸತೊಡಗಿತು.

“ಮಲಾ ಘರೀ ನ್ಯಾ.” ನನ್ನನ್ನು ಮನೆಗೆ ಕರೆದುಕೊಂಡು ಹೋಗಿರಿ.

“ಇದ ನಿನ್ನ ಮನಿ ಅವ್ವಾ,” ಎನ್ನುತ್ತಿದ್ದರು ನಮ್ಮವರು. ಅದನ್ನೇ ಮರಾಠಿಯಲ್ಲೂ ಹೇಳಿದರು, ಕೊನೆಗೂ ಅವರ ನಾಲಗೆ ಏಳಲೇಬೇಕಾಯಿತು. ಅತ್ತಿ ನಡುಮನೆಯನ್ನು, ಮಾವನವರ ಫೋಟೋವನ್ನು, ತಾವೇ ಬಳಿದ ಒಲೆಯನ್ನು ಒಂದು ಸುತ್ತು ನೋಡಿ, ವಿನಯದಿಂದ ತಲೆಯಾಡಿಸಿ, ಮತ್ತೆ ಅದೇ ಮಾತು ಹೇಳುತ್ತಿದ್ದರು. ಆ ವಿನಯವನ್ನು ನೋಡುವುದು ಕಷ್ಟವಾಗಿತ್ತು. ಬೇರೆಯವರ ಮನೆಯಲ್ಲಿ ಬಹಳ ದಿನ ಉಳಿದವರು ಸಂಕೋಚಪಡುವ ಹಾಗೆ ಇತ್ತು ಅದು.

ಉಮಾಗೆ ಮಾತ್ರ ಏನೂ ಆಗಿರಲಿಲ್ಲ. ಓಣಿಯ ಮಕ್ಕಳ ಮರಾಠಿಯಲ್ಲಿ ಅಜ್ಜಿಯ ಜೊತೆ ಆಡಿಕೊಂಡಿದ್ದಳು. ಆಯಿ ಯಾಕೆ ಹೀಗೆ ಮಾತಾಡುತ್ತಾಳೆ ಎಂದು ಒಮ್ಮೆಯೂ ಕೇಳಲಿಲ್ಲ.

ದಸರೆಗೆ ಶಂಕರ ಮಾಮಾ, ಸುಶೀಲಾ ಮಾಮಿ ಬನ್ನಿ ಕೊಡಲು ಬಂದರು. ಅವರನ್ನು ನೋಡಿದ್ದೇ ಅತ್ತಿ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು. ಅಂದು ಅವರು ಆಡಿದ ಮಾತು ಅದುವರೆಗಿನ ಎಲ್ಲ ದಿನಗಳದ್ದಕ್ಕಿಂತ ಹೆಚ್ಚು. ಊಟವಾದ ಮೇಲೆ ಮಾಮಾ ನಮ್ಮವರನ್ನು ಹೊರಗೆ ಕಟ್ಟೆಗೆ ಕರೆದರು.

“ಅಕ್ಕಾನ್ನ ನಾವು ಒಯ್ಯತೇವಿ, ಮಲ್ಲಣ್ಣ. ಸುಧಾರಿಸಿದ ಮ್ಯಾಲೆ ಕಳಸ್ತೀನಿ.”

“ಮಂದಿ ಏನಂದಾರು ಮಾಮಾ? ಮಗಾ ಇದ್ದೂ ತಾಯಿ ತವರ ಮನ್ಯಾಗ...”

“ಮಂದಿ ಆಕೀ ಕೂಡ ಮಾತಾಡಾಕ ಬರ್ತಾರೇನ?”

ನಮ್ಮವರು ಒಳಗೆ ಬಂದು ನನ್ನ ಮುಖ ನೋಡಿದರು. ನಾನು ಬೇಡ ಅನ್ನಲಿ ಎಂದು ಕಾಯುತ್ತಿದ್ದರೋ, ಹೂಂ ಅನ್ನಲಿ ಎಂದೋ, ಇಂದಿಗೂ ನನಗೆ ಗೊತ್ತಿಲ್ಲ. ನಾನು ಎದ್ದೆ. ಅತ್ತಿಯ ಸೀರೆಗಳನ್ನು ಮಡಿಚಿ ಟ್ರಂಕಿನಲ್ಲಿ ಇಟ್ಟೆ. ಕಾರಿನಲ್ಲಿ ಕೂರಿಸುವಾಗ ಅತ್ತಿ ನನಗೆ ಒಂದೇ ಕೈಯಿಂದ ನಮಸ್ಕಾರ ಮಾಡಿದರು, ಉಪಚಾರ ಮಾಡಿದ ಮನೆಯವರಿಗೆ ಮಾಡುವ ಹಾಗೆ.

ಮನೆ ಖಾಲಿಯಾಯಿತು. ಈಗ ಸಮಯ ಬೇಕಾದಷ್ಟಿತ್ತು. ಹಾಳೆಗಳನ್ನು ಅಟ್ಟದಿಂದ ಇಳಿಸಿ ಚಾಪೆ ಹಾಸಿ ಕುಳಿತೆ. ಮೊದಲ ಪುಟದಲ್ಲೇ ಅತ್ತಿಯ ಮಾತು. ಎಲ್ಲಿ ತೆರೆದರೂ ಅವರೇ. “ಉಣ್ಣೂ”, “ಒಯ್ಯತಿದ್ದೆ”, “ತಗೋ”. ಅವುಗಳ ಪಕ್ಕದಲ್ಲಿ ನಾನು ಪೆನ್ಸಿಲಿನಲ್ಲಿ ಗುರುತು ಮಾಡಿದ ಪ್ರತ್ಯಯಗಳು. ಒಂದು ಸಾಲೂ ಮುಂದೆ ಹೋಗಲಿಲ್ಲ. ವರ್ಷ ಮುಗಿಯಿತು, ನೋಂದಣಿ ರದ್ದಾಯಿತು. ಕಾಗದ ಬಂದ ದಿನ ನಾನು ಅದನ್ನು ಓದಿ ಅಡುಗೆಗೆ ಇಟ್ಟೆ. ಕೆಲವು ವರ್ಷಗಳ ನಂತರ ಮತ್ತೆ ಹೆಸರು ಹಚ್ಚಿ, ಈ ಸಲ ಶಾಸನಗಳ ಭಾಷೆಯ ಮೇಲೆ ಬರೆದು ಮುಗಿಸಿದೆ. ಕಲ್ಲಿನ ಮಾತು ಎಲ್ಲೂ ಹೋಗುವುದಿಲ್ಲ. ನನ್ನ ಹೆಸರಿನ ಹಿಂದಿರುವ ಡಾಕ್ಟರ್ ಆ ಕಲ್ಲುಗಳದ್ದು.

ಅತ್ತಿ ಖಾಸಬಾಗಕ್ಕೆ ತಿರುಗಿ ಬರಲಿಲ್ಲ. ಸುಧಾರಿಸಿದರು, ಕೋಲು ಹಿಡಿದು ಅಂಗಳದಲ್ಲಿ ನಡೆದಾಡಿದರು, ಮಾಮಿಯ ಜೊತೆ ತೊಗರಿ ಆರಿಸಿದರು. ಖಾನಾಪುರದಲ್ಲಿ ಇನ್ನೂ ಮೂರು ಮಳೆಗಾಲ ಕಂಡರು. ಕನ್ನಡ ಬರಲಿಲ್ಲ. ನಾವು ಪ್ರತಿ ರವಿವಾರ ಹೋಗುತ್ತಿದ್ದೆವು. ನನ್ನನ್ನು ಅವರು ವಹಿನಿ ಎನ್ನುವುದನ್ನು ಬಿಟ್ಟರು, ಅಲ್ಲಿ ಮೈ ಒರೆಸುವವರು ಮಾಮಿಯಾಗಿದ್ದರಲ್ಲ. ಈಗ ನನಗೆ “ಯಾ, ಬಸಾ”, ಅಂದರೆ ಬರ್ರಿ, ಕುಂದರ್ರಿ ಎಂದು ಬಹುವಚನದಲ್ಲಿ ಹೇಳುತ್ತಿದ್ದರು. ಮೊದಲೆಲ್ಲ ನೀ, ಬಾ, ತಗೋ ಎಂದವರು.

ನಾನು ಮರಾಠಿ ಕಲಿಯತೊಡಗಿದೆ. ಪುಸ್ತಕದ್ದಲ್ಲ, ಮಾಮಿಯ ಅಡುಗೆಮನೆಯದು. ಬಸ್ಸಿನಲ್ಲಿ ಒಂದೆರಡು ವಾಕ್ಯ ಮನಸ್ಸಿನಲ್ಲೇ ಕೂಡಿಸಿಕೊಂಡು ಹೋಗಿ ಅತ್ತಿಯ ಮುಂದೆ ಆಡುತ್ತಿದ್ದೆ. ಮರಾಠಿಯಲ್ಲಿ ಚಹಾ ಗಂಡಸು, ರೊಟ್ಟಿ ಹೆಂಗಸು, ಕ್ರಿಯಾಪದವೂ ಅದಕ್ಕೆ ತಕ್ಕಂತೆ ಹೊರಳಬೇಕು. ನನಗೆ ಅದು ಹಿಡಿಯುತ್ತಲೇ ಇರಲಿಲ್ಲ.

ಅಂಥ ಒಂದು ರವಿವಾರ ಚಹಾ ತಂದು ಅತ್ತಿಯ ಮುಂದೆ ಇಟ್ಟು, ಚಹಾ ಆಯಿತು ಎಂದು ಹೇಳಲು “ಚಹಾ ಝಾಲಂ” ಎಂದೆ.

“ಝಾಲಾ,” ಎಂದು ತಿದ್ದಿದರು ಅತ್ತಿ.

“ಝಾಲಾ,” ಎಂದೆ.

ಅತ್ತಿಗೆ ನಗು ಬಂತು. ಪಕ್ಕದಲ್ಲಿ ಕುಳಿತಿದ್ದ ಮಾಮಿಯನ್ನು, ಈ ಹೆಣ್ಣುಮಗಳು ಯಾವ ಕಡೆಯವಳು ಎಂದು ಕೇಳಿದರು. ಗದಗ ಕಡೆಯವಳು, ಲಗ್ನವಾಗಿ ಇಲ್ಲಿಗೆ ಬಂದಿದ್ದಾಳೆ ಎಂದು ಮಾಮಿ ಹೇಳಿದರು. ಅತ್ತಿಯ ನಗು ಇಳಿಯಿತು. ನನ್ನನ್ನು ಬಹಳ ಹೊತ್ತು ನೋಡಿದರು. ನೆಟ್ಟಗಿದ್ದ ಎಡಗೈಯಿಂದ ನನ್ನ ಮುಂಗೈ ಹಿಡಿದು, ಮೆಲ್ಲಗೆ ತಟ್ಟುತ್ತ ಮಾಮಿಗೆ ಹೇಳಿದರು.

“ಲಯೀ ಲಾಂಬ್ ದಿಲೀ ಗ ಪೋರ್.”

ಪಾಪ, ಹುಡುಗಿಯನ್ನು ಭಾಳ ದೂರ ಕೊಟ್ಟಾರ.

ಮಾಮಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಎದ್ದು ಹೋದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಹೌದು, ದೂರ ಎಂದೆ, ನನಗೆ ಬರುವ ಮರಾಠಿಯಲ್ಲಿ. ಈ ಸಲ ಅತ್ತಿ ತಿದ್ದಲಿಲ್ಲ.